ಅಕ್ಕಯಮ್ಮನ ಕಾಲು, ಕಾರ್ಖಾನೆಯ ಸ್ಟೂಲು

ಕಾರ್ಮಿಕರ ಆರೋಗ್ಯ ತಪಾಸಣೆಯ ವೈದ್ಯಾಧಿಕಾರಿಗಳೇ,

ನನ್ನ ಮಗಳು ಪಂಕಜಾಳ ಬೆನ್ನಿನ ಡಿಸ್ಕ್ ಜಾರಿದ್ದಕ್ಕೆ 'ಮನೆಯಲ್ಲಿ ಬೆನ್ನು ತುಳಿಸಿಕೊಂಡದ್ದೇ ಕಾರಣ' ಎಂದು ತಾವು ಬರೆದಿದ್ದೀರಿ. ಆ ಒಂದು ಸಾಲಿನ ಬಲದಿಂದ ಬೊಮ್ಮನಹಳ್ಳಿಯ ಬಟ್ಟೆ ಕಾರ್ಖಾನೆಯೂ ಜಾರಿಕೊಂಡಿದೆ. ಬರುವ ಸೋಮವಾರ ಮೆಷಿನ್ನಿಗೆ ಬಂದು ಕೂರದಿದ್ದರೆ ಕೆಲಸವಿಲ್ಲವಂತೆ. ಅವಳಿಗಿನ್ನೂ ಇಪ್ಪತ್ತಮೂರು ವರ್ಷ. ಮೆಷಿನ್ನಿನ ಮಾತಿರಲಿ, ಊಟವನ್ನೂ ಗೋಡೆಗೆ ಕೈ ಕೊಟ್ಟು ನಿಂತೇ ಮಾಡುತ್ತಾಳೆ.

ತುಳಿಸಿದ್ದು ನಿಜ. ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ತುಳಿಸುವುದು ಜರಗನಹಳ್ಳಿಯಲ್ಲಿ ನಮ್ಮ ತಾತಂದಿರ ಕಾಲದ ಪದ್ಧತಿ. ನಮ್ಮ ಬೀದಿಗೆ ಅಂಥವಳು ಅಕ್ಕಯಮ್ಮ. ತಾವು ನಗಬಹುದು; ಇಂಟರ್‌ಮೀಡಿಯೆಟ್ ಓದಿದ ನಾನೂ ಒಂದು ಕಾಲಕ್ಕೆ ನಕ್ಕವನೇ. ನನ್ನ ಹೆಂಡತಿ ಈಶ್ವರಮ್ಮ ಇದ್ದಿದ್ದರೆ ಹರಳೆಣ್ಣೆ ಬಿಸಿ ಮಾಡಿ ನೀವುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಮಗಳ ಬೆನ್ನು ಮುಟ್ಟಿ ನೋಡುವ ಹೆಂಗಸು ಮನೆಯಲ್ಲಿಲ್ಲ. ಅದಕ್ಕೇ ಕರೆಸಿದೆ. "ಒದೆಯೋ ಶಕ್ತಿ ಇದ್ದಿದ್ರೆ ಮೊದ್ಲು ನಮ್ಮ್ ಯಜಮಾನ್ರಿಗೇ ಒದೀತಿದ್ದೆ ಕಣವ್ವಾ, ಹೆದ್ರಬೇಡ" ಎಂದು ನಗಿಸುತ್ತ ಅಕ್ಕಯಮ್ಮ ಕಾಲಿನ ಹೆಬ್ಬೆರಳು ತಾಗಿಸಿದಳು, ಅಷ್ಟೇ. ಪಂಕಜಾ ಚೀರಿದಳು. ಅಲ್ಲಿಗೆ ಮುಗಿಯಿತು ನಮ್ಮ ಚಿಕಿತ್ಸೆ.

ಆದರೆ ಕರೆಸಿದ್ದೇಕೆ ಸ್ವಾಮಿ? ಕಾಲೇಜಿನಲ್ಲಿ ನಮಗೆ ಲಾಜಿಕ್ ಪಾಠವಿತ್ತು. 'ದಿ ಕಾಸ್ ಮಸ್ಟ್ ಪ್ರಿಸೀಡ್ ದಿ ಎಫೆಕ್ಟ್', ಕಾರಣ ಮೊದಲು, ಪರಿಣಾಮ ಆಮೇಲೆ, ಎಂದೇನೋ ಶುರುವಾಗುತ್ತಿತ್ತು. ಮುಂದಿನದು ಮರೆತಿದೆ, ಇಷ್ಟು ಸಾಕು. ನೋವು ಬಂತೆಂದು ತುಳಿಸಿದೆವೋ, ತುಳಿಸಿದ್ದಕ್ಕೆ ನೋವು ಬಂತೋ? ಜನ ಕಾಯಿಲೆ ಬೀಳುವುದಕ್ಕೆ ಆಸ್ಪತ್ರೆಯೇ ಕಾರಣ, ಅಲ್ಲಿರುವವರೆಲ್ಲ ರೋಗಿಗಳೇ ಅಲ್ಲವೇ ಎಂದು ನಾನು ಬರೆದರೆ ತಾವು ಒಪ್ಪುವಿರಾ?

ಹದಿನೆಂಟಕ್ಕೆ ಕೆಲಸಕ್ಕೆ ಸೇರಿದಾಗಿನಿಂದ ಅವಳು ಒರಗಲು ಏನೂ ಇಲ್ಲದ ಕಬ್ಬಿಣದ ಸ್ಟೂಲಿನ ಮೇಲೆ ಬಾಗಿ ಕೂತು ಕಾಲರ್ ಹೊಲಿದಳು. ಬಟ್ಟೆಯ ಬಂಡಲ್ ಹೊರುವ ಆಳುಗಳನ್ನು ಬಿಡಿಸಿದ ಮೇಲೆ ಅದನ್ನೂ ಈ ಹೆಣ್ಣುಮಕ್ಕಳೇ ಎತ್ತಿದರು. ಒಂದು ಕುರ್ಚಿ ಕೇಳಿದ್ದಕ್ಕೆ ಸೂಪರ್‌ವೈಸರ್, "ಒರಗಿದ್ರೆ ನಿದ್ದೆ ಬರುತ್ತಮ್ಮ. ಇದೇನ್ ನಿಮ್ಮಪ್ಪನ ಮನೆ ಜಗಲಿನಾ?" ಎಂದನಂತೆ. ಇದನ್ನೆಲ್ಲ ತಮಗೆ ಹೇಳಹೊರಟಳು. ತಾವು, "ಅದೆಲ್ಲ ಇರ್ಲಿ. ಮನೇಲಿ ಏನ್ ಮಾಡಿಸಿದ್ರಿ? ನಿಜ ಹೇಳಮ್ಮ, ಭಯ ಬೇಡ" ಎಂದಿರಿ. ಭಯಪಡಲಿಲ್ಲ, ನಿಜ ಹೇಳಿದಳು. ತಾವು ಆಗ ಒರಗಿದ್ದ ಕುರ್ಚಿಗೆ ಬಿಳಿಯ ಟವೆಲ್ ಹೊದಿಸಿತ್ತು. ಸರ್ಕಾರದಲ್ಲಿ ಕುರ್ಚಿಯ ಬೆನ್ನಿಗೂ ಎಷ್ಟೊಂದು ಆರೈಕೆ!

"ಏನಕ್ಕಯಮ್ಮ, ಹುಡುಗಿ ಸೊಂಟಾನೇ ಮುರಿದ್ಬಿಟ್ಯಂತೆ?" ಎಂದು ಬೀದಿಯವರು ಈಗ ಹಂಗಿಸುತ್ತಾರೆ. ಆಕೆ ನಮ್ಮ ಬಾಗಿಲ ಮುಂದೆ ಹಾಯುವುದನ್ನೇ ಬಿಟ್ಟಿದ್ದಾಳೆ.

ಸೋಮವಾರದೊಳಗೆ ತಾವೇ ಕಾರ್ಖಾನೆಗೆ ಹೋಗಿ. ಬೆಳಗಿನ ಸೈರನ್ನಿನಿಂದ ಊಟದ ಗಂಟೆಯವರೆಗೆ ಪಂಕಜಾಳ ಸ್ಟೂಲಿನ ಮೇಲೆ ಬಾಗಿ ಕೂರಿ. ಎದ್ದ ಮೇಲೆ, ಏಳಲಾದರೆ, ಆ ಸಾಲು ಹೊಡೆದುಹಾಕಿ ಕಾರಣ ಬರೆಯಿರಿ. ಬೆನ್ನು ಹಿಡಿದುಕೊಂಡರೆ ಜರಗನಹಳ್ಳಿಯ ಕಡೆ ಮಾತ್ರ ಬರಬೇಡಿ. ಅಕ್ಕಯಮ್ಮ ಈಗ ಯಾರನ್ನೂ ಮುಟ್ಟುವುದಿಲ್ಲ.

ಇಂತಿ,
ಮಗಳು ಉಣ್ಣುವಷ್ಟು ಹೊತ್ತೂ ಅವಳ ತಟ್ಟೆ ಹಿಡಿದು ನಿಲ್ಲುವ,
ತಿಮ್ಮರಾಯಪ್ಪ
ಜರಗನಹಳ್ಳಿ, ೧೯೮೬