ಯಾವ ಮಂಜು

ಡಿಸೆಂಬರ್ 20, ಬೆಳಿಗ್ಗೆ

ಇವರಿಗೆ ಎರಡನೇ ಜೊತೆ ಸಾಕ್ಸ್ ಹಾಕಿದ್ದಾಯಿತು. ಇನ್ನು ಸ್ವೆಟರ್. ಬಲಗೈ ತೋಳಿನೊಳಗೆ ಹೋಗಲು ಒಲ್ಲೆ ಎನ್ನುತ್ತಿದೆ. ನಾನೇ ಹೆಣೆದದ್ದು, ಅಗಲ ಸಾಲಲಿಲ್ಲ. ಬೀದಿಗೆಲ್ಲ ಅಳತೆ ಹಿಡಿದು ಹೊಲಿದುಕೊಟ್ಟ ಟೈಲರಮ್ಮ ಸ್ವಂತ ಗಂಡನ ತೋಳಿನಲ್ಲಿ ಎಡವಿದ್ದಾಳೆ.

“ಬಿಗಿಯಾಯ್ತೇನ್ರೀ?”

“ಆಯ್ತು.”

“ತೆಗೀಲಾ?”

“ಆಯ್ತು.”

“ನನ್ನ ತಲೆ.”

“ಆಯ್ತು.”

ಬೇಸಿಗೆಯಲ್ಲಿ ಸ್ಟ್ರೋಕ್ ಆದಾಗಿನಿಂದ ಇದೊಂದೇ ಮಾತು. ಹಸಿವಾದರೂ ಆಯ್ತು, ಸಿಟ್ಟು ಬಂದರೂ ಆಯ್ತು. ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸರ್ ಆಗಿದ್ದವರು. ಈ ಗಂಟಲು ಕೇಳಿ ಜನ ಲಗೇಜು ಹೊತ್ತು ಓಡುತ್ತಿದ್ದರು. ಮನೆಗೆ ಬಂದರೂ ಆ ಚಟ ಬಿಡುತ್ತಿರಲಿಲ್ಲ. ಸೋಫಾದ ಮೇಲೆ ಕೂತು, ಮೂಗಿನಲ್ಲೇ ಟಿಂಗ್-ಟಾಂಗ್ ಮಾಡಿ, “ಮಂಜು ಅವರ ಗಮನಕ್ಕೆ… ಬೆಳಗಿನ ಕಾಫಿ ತಡವಾಗಿ ಚಲಿಸುತ್ತಿದೆ.” ನಾನು ಅಡುಗೆಮನೆಯಿಂದ ಸೌಟು ತೋರಿಸುತ್ತಿದ್ದೆ.

ಮಾತು ಕಲಿಸುವ ಮೇಡಂ “ಬರತ್ತೆ, ಕಾಯ್ಬೇಕು” ಎನ್ನುತ್ತಾರೆ. ನನಗೆ ಎಲ್ಲ ಮಾತೂ ಬೇಡ. ಮಕ್ಕಳಿಗೆ ನಾನು ಅಮ್ಮ, ಅತ್ತೆ, ಅಜ್ಜಿ. ಬೀದಿಗೆ ಟೈಲರಮ್ಮ. ಮಂಜು ಅನ್ನುವವರು ಇವರೊಬ್ಬರೇ. ಅದೊಂದು ಬರಲಿ, ಮಿಕ್ಕಿದ್ದಕ್ಕೆಲ್ಲ ‘ಆಯ್ತು’ ಸಾಕು, ಸಂಸಾರ ತೂಗಿಸಿಬಿಡುತ್ತೇನೆ.

ಹಿಮದ ದೇಶ ನೋಡಬೇಕು, ಬೆಟ್ಟದ ರೈಲಿನಲ್ಲಿ ಕೂರಬೇಕು ಎಂಬುದು ಇವರದೇ ಹಳೇ ಆಸೆ. ಮಗಳೂ ಅಳಿಯನೂ ಟಿಕೆಟ್ ಮಾಡಿಸಿಬಿಟ್ಟರು. ಈ ಸ್ಥಿತಿಯಲ್ಲಾ ಎಂದು ಬೈದೆ. ಬೈಯುತ್ತಲೇ ಸೂಟ್‌ಕೇಸ್ ತುಂಬಿದೆ.

ಅಳಿಯ ಬಾಗಿಲು ತಟ್ಟುತ್ತಿದ್ದಾನೆ. “ಅತ್ತೆ, ಬಸ್ಸು…” ತೋಳು ಇನ್ನೂ ಅರ್ಧದಲ್ಲೇ ಇದೆ.

ಸಂಜೆ

ದಾರಿಯುದ್ದಕ್ಕೂ ಏನೂ ಕಾಣಲಿಲ್ಲ. ಕಿಟಕಿಗೆ ಬಿಳಿ ಬಟ್ಟೆ ಕಟ್ಟಿದ ಹಾಗೆ. ಮಗಳು ಪೆಚ್ಚಾಗಿ “ಬರೀ ಮಂಜು, ದುಡ್ಡು ದಂಡ” ಎಂದಳು. ರಸ್ತೆ ಪಕ್ಕದ ರಾಶಿ ತೋರಿಸಿ ಅಳಿಯ, “ಅಗೋ, ಅಲ್ಲಿ ಮಂಜು ಬಿದ್ದಿದೆ.”

ಮೊಮ್ಮಗಳು ಚಿನಕುರಳಿಗೆ ಪೀಕಲಾಟ. “ಅಜ್ಜಿ, ಹೊಗೆ ಥರ ಇರೋದೂ ಮಂಜು, ಕೆಳಗೆ ಬಿದ್ದಿರೋದೂ ಮಂಜು, ನೀನೂ ಮಂಜು. ಅದು ಹೇಗೆ?”

“ನಮ್ಮದು ಕೂಡುಕುಟುಂಬದ ಭಾಷೆ ಕಣೆ. ಒಂದೇ ಪದದಲ್ಲಿ ಮೂರು ಜನ ಇರ್ತೀವಿ.”

ಇವರು ನಕ್ಕ ಹಾಗಾಯಿತು. ಬಾಯಿಯ ಎಡಗಡೆ ಮಾತ್ರ.

ಡಿಸೆಂಬರ್ 22, ಮಧ್ಯಾಹ್ನ

ಊಟ ಬಿಟ್ಟು ಬರೆಯಲು ಕೂತಿದ್ದೇನೆ.

ಕೇಬಲ್ ಕಾರಿನಲ್ಲಿ ಮೇಲೆ ಹೋದೆವು. ವೀಲ್‌ಚೇರನ್ನು ಕಟಕಟೆಯ ಹತ್ತಿರ ನಿಲ್ಲಿಸಿ, ನಾನು ಹಿಂದೆ ಶಾಲು ಸರಿಮಾಡುತ್ತಿದ್ದೆ. ಎದುರಿಗೆ ಬರೀ ಬಿಳಿ. ಆಮೇಲೆ ಅದು ಸರಿಯಿತು. ಸರಿಯಿತು ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಬೆಟ್ಟವನ್ನು ನಾನು ಎದುರಿಗೆ ಹುಡುಕುತ್ತಿದ್ದೆ, ಅದು ತಲೆಯ ಮೇಲಿತ್ತು. ಕತ್ತೆತ್ತಿದೆ. ಇನ್ನೂ ಎತ್ತಿದೆ. ಮಂಕಿ ಕ್ಯಾಪ್ ಹಿಂದಕ್ಕೆ ಜಾರಿ ಬಿತ್ತು, ತುದಿ ಮಾತ್ರ ಸಿಗಲಿಲ್ಲ. ಅಷ್ಟು ದೊಡ್ಡದು ಅಷ್ಟು ಹೊತ್ತೂ ಸದ್ದಿಲ್ಲದೆ ನಮ್ಮ ಪಕ್ಕದಲ್ಲೇ ನಿಂತಿತ್ತಲ್ಲ! ಮೈ ಜುಮ್ಮೆಂದಿತು. ಕೈ ಮುಗಿಯಬೇಕೆನಿಸಿತು, ಮುಗಿದೆ. ಕಾಫಿಗೂ ಕಕ್ಕಸಿಗೂ ಫೋನಿನಲ್ಲಿ ಸ್ಟಾರ್ ಕೊಡುವ ಅಳಿಯ ಕೂಡ ಫೋನು ಜೇಬಿಗಿಳಿಸಿದ.

ಆಗ ವೀಲ್‌ಚೇರಿನಿಂದ —

“ಮಂಜು.”

ಸ್ಪಷ್ಟವಾಗಿ. ಅದೇ ಗಂಟಲು, ಸ್ವಲ್ಪ ತುಕ್ಕು ಹಿಡಿದಿತ್ತು ಅಷ್ಟೇ.

ಮಗಳು ಓ ಎಂದು ಅತ್ತಳು. “ಅಮ್ಮಾ, ಅಪ್ಪ ನಿನ್ನ ಕರೆದ್ರು!” ನಾನು “ಹೂಂ ರೀ, ಇಲ್ಲೇ ಇದೀನಿ” ಎನ್ನುತ್ತ ಮುಂದೆ ಬಂದು ಮಂಡಿಯೂರಿದೆ. ಇವರು ಎಡಗೈಯಿಂದ ನನ್ನ ತಲೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ನಾನು ಅಡ್ಡ ಬಂದಿದ್ದೆ.

“ಮಂಜು,” ಎಂದು ಮತ್ತೆ ಬೆಟ್ಟ ತೋರಿಸಿದರು.

ಚಿನಕುರಳಿ ತೀರ್ಪು ಕೊಟ್ಟಳು. “ಅಜ್ಜಿನ ಅಲ್ಲ, ಬೆಟ್ಟದ ಮೇಲಿರೋ ಮಂಜು.”

ಮಗಳು ಅವಳ ಬಾಯಿ ಮುಚ್ಚಿದಳು. ತಡವಾಗಿತ್ತು.

ಡಿಸೆಂಬರ್ 26

ಇಷ್ಟು ದಿನ ಬರೆಯಲಿಲ್ಲ. ಮುನಿಸು. ಯಾರ ಮೇಲೆ? ಬೆಟ್ಟದ ಮೇಲೆ. ಈ ವಯಸ್ಸಿನಲ್ಲಿ ನನಗೊಬ್ಬಳು ಸವತಿ, ಅದೂ ಅಷ್ಟೆತ್ತರದವಳು.

ಈಗ ಇವರಿಗೆ ಎರಡು ಮಾತು. ಮನೆಯ ಸೂರಿನ ಮೇಲೆ ಹಿಮ ಕಂಡರೆ ಮಂಜು. ಪಾರ್ಕಿನ ಬೆಂಚಿನ ಮೇಲೆ ಕಂಡರೂ ಮಂಜು. ಪ್ರತಿ ಸಲವೂ ನನ್ನ ಬಾಯಲ್ಲಿ “ಹಾಂ” ಬಂದುಬಿಡುತ್ತದೆ. ಹಾಳು ಅಭ್ಯಾಸ.

ನಿನ್ನೆ ರೂಮಿನಲ್ಲಿ ನಾವಿಬ್ಬರೇ. ಕಿಟಕಿಯ ಪರದೆ ಎಳೆದೆ. ಒಂದು ಚೂರು ಬಿಳಿಯೂ ಕಾಣಬಾರದು. ಎದುರಿಗೆ ಕೂತೆ.

“ನಾನ್ಯಾರು ಹೇಳಿ.”

ನೋಡಿದರು. ಗೊತ್ತು ಎಂದು ಕಣ್ಣು ಹೇಳುತ್ತಿತ್ತು. ತುಟಿ ಒದ್ದಾಡಿತು, ಕತ್ತಿನ ನರ ಉಬ್ಬಿತು. ಕೊನೆಗೆ “ಆಯ್ತು” ಎಂದರು. ಆಮೇಲೆ ಮುಖ ಗೋಡೆಯ ಕಡೆ ತಿರುಗಿಸಿದರು.

ಕೇಳಬಾರದಿತ್ತು. ಪರದೆ ತೆಗೆದು, ವೀಲ್‌ಚೇರನ್ನು ಕಿಟಕಿಗೆ ಒತ್ತಿ ನಿಲ್ಲಿಸಿದೆ. ನೋಡಿಕೊಳ್ಳಲಿ, ಅವರ ಮಂಜನ್ನು.

ಡಿಸೆಂಬರ್ 27, ಬೆಳಿಗ್ಗೆ

ಇವತ್ತು ಹಿಮ ಬೀಳುವುದನ್ನು ಕಂಡೆ. ಬಿದ್ದ ಹಿಮ ಬೇರೆ, ಬೀಳುವ ಹಿಮ ಬೇರೆ. ಮಳೆಯಾದರೆ ಬರುವ ಮೊದಲೇ ಡಂಗುರ ಹೊಡೆಯುತ್ತದೆ. ಇದಕ್ಕೆ ಸದ್ದೇ ಇಲ್ಲ. ಇಡೀ ಬೀದಿ ಉಸಿರು ಹಿಡಿದು ನಿಂತಿತ್ತು. ಹೋಟೆಲ್ ಬಾಗಿಲಲ್ಲಿ ಸಲಿಕೆ ಹಿಡಿದಿದ್ದ ಕಾವಲುಗಾರ ಕೂಡ ಹಿಮ ಬಾಚುವುದು ಬಿಟ್ಟು ಮೇಲೆ ನೋಡುತ್ತಿದ್ದ. ದಿನಾ ನೋಡುವವನಿಗೇ ಹೀಗಾದರೆ ನನ್ನ ಪಾಡೇನು.

ಒಂದು ಚೂರು ನನ್ನ ಕರಿ ಕೋಟಿನ ತೋಳಿನ ಮೇಲೆ ಕೂತಿತು. ಕನ್ನಡಕ ಹಣೆಗೇರಿಸಿ ಹತ್ತಿರ ಹಿಡಿದೆ. ಆರು ಎಳೆ, ಎಳೆಗೊಂದೊಂದು ಗರಿ. ಎಂಥ ಕಸೂತಿ! ಸೂಜಿ ಹಿಡಿದೇ ಮುದುಕಿಯಾದವಳು ನಾನು, ಹೊಲಿಗೆ ಎಲ್ಲಿ ಶುರು ಎಲ್ಲಿ ಗಂಟು ಎಂದು ಗೊತ್ತಾಗಲಿಲ್ಲ. ಅಳು ಬಂತು. ಇವರಿಗೆ ತೋರಿಸಲು ತೋಳು ಚಾಚುವಷ್ಟರಲ್ಲಿ ನೀರಾಯಿತು. ಇವರ ತೋಳಿನ ಮೇಲೆ ಇನ್ನೊಂದು ಬಂತು. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದೆವು.

“ಮಂಜು,” ಎಂದರು.

“ಹೌದು ರೀ, ಮಂಜು,” ಎಂದೆ.

ಮುನಿಸು ಅಲ್ಲೇ ಇಳಿಯಿತು. ಇಂಥದ್ದನ್ನು ಕಂಡು ಒಂದು ಪದ ಹುಟ್ಟಿತಲ್ಲ ಇವರಲ್ಲಿ. ನನ್ನದು ಬಾರದಿದ್ದರೆ ಬೇಡ. ಹಾಗೆಂದು ಬರೆದೆ. ಹೊಟ್ಟೆಯೊಳಗೆ ಇನ್ನೂ ಬೇಕು ಎನ್ನುತ್ತಿದೆ, ಅದು ಬೇರೆ ಮಾತು.

ಡಿಸೆಂಬರ್ 28, ರೈಲಿನಲ್ಲಿ

ಅಕ್ಷರ ಕುಣಿಯುತ್ತಿದೆ. ಕೊನೆಗೂ ಇವರ ಬೆಟ್ಟದ ರೈಲು. ನಾವಿಬ್ಬರು ಇಲ್ಲಿ, ಮಕ್ಕಳು ಮೂವರೂ ಹಿಂದಿನ ಸೀಟಿನಲ್ಲಿ. ಕಿಟಕಿ ಚಾವಣಿಯವರೆಗೆ ಇದೆ. ಕೆಳಗೆ ಹೆಪ್ಪುಗಟ್ಟಿದ ನದಿ. ಜಲಪಾತವೊಂದು ಬೀಳುವುದನ್ನು ಅರ್ಧಕ್ಕೇ ಮರೆತು ಬಂಡೆಗೆ ಅಂಟಿ ನಿಂತಿದೆ. ನಾನು ಸ್ವೆಟರಿನ ತೋಳು ಬಿಚ್ಚಿ ಅಗಲ ಮಾಡೋಣವೆಂದು ಕೂತವಳು, ಒಂದು ಸಾಲೂ ಹೆಣೆದಿಲ್ಲ. ಪುಸ್ತಕ ತೆಗೆದು ಇದನ್ನೇ ಬರೆಯುತ್ತಿದ್ದೇನೆ. ಇವರು ಹತ್ತು ಸಲ “ಮಂಜು” ಎಂದಿರಬೇಕು. ಹತ್ತು ಸಲವೂ ಗಾಜಿಗೆ.

ಸುರಂಗ ಬಂತು. ಉದ್ದದ್ದಂತೆ, ಅಳಿಯ ಹೇಳಿದ. ಕಿಟಕಿ ಕಪ್ಪು. ಹಿಮವಿಲ್ಲ, ಬೆಟ್ಟವಿಲ್ಲ. ಗಾಜಿನಲ್ಲಿ ನಮ್ಮಿಬ್ಬರ ಮುಖ, ನನ್ನ ಮಂಕಿ ಕ್ಯಾಪ್.

ಟಿಂಗ್-ಟಾಂಗ್. ಸ್ಪೀಕರಿನಲ್ಲಿ ಹೆಂಗಸಿನ ಗಂಟಲು ಮುಂದಿನ ಸ್ಟೇಷನ್ ಹೇಳುತ್ತಿದೆ. ಯಾವ ಭಾಷೆಯೋ. ಇವರು ಬೆನ್ನು ನೆಟ್ಟಗೆ ಮಾಡಿ ಕೂತರು. ಹಳೇ ಸಹೋದ್ಯೋಗಿಯ ಕೆಲಸ ಪರೀಕ್ಷಿಸುವವರಂತೆ ಕಿವಿಗೊಟ್ಟು ಕೇಳುತ್ತಿದ್ದಾರೆ. ಮುಗಿಯಿತು. ಗಾಜು ಬಿಟ್ಟು ನನ್ನ ಕಡೆ ತಿರುಗಿದರು. ಎಡಗೈ ನನ್ನ ಮೊಣಕೈ ಮೇಲೆ. ಮೂಗಿನಲ್ಲಿ ಏನೋ ಗುನುಗು… ಟಿಂಗ್… ಟಾಂಗ್…

“ಮಂಜು… ಮಂಜು… ಗಮನಕ್ಕೆ.”

ಬರೆದುಬಿಡಬೇಕು. ಇಲ್ಲದಿದ್ದರೆ ನಾಳೆ ನಾನೇ ನಂಬಲಾರೆ. ಹಿಂದಿನವರಿಗೆ ಕೇಳಿಸಿಲ್ಲ. ಕೂಗಿ ಕರೆಯಬೇಕು, ಪೆನ್ನು ಬಿಡಲಾರೆ. “ಹಾಂ ರೀ, ಹೇಳಿ” ಎಂದೆ. ಎಡಗಡೆಯ ತುಟಿ ನಗುತ್ತಿದೆ. ಮುಂದಿನದು ಇನ್ನೂ ಬಂದಿಲ್ಲ. ತಡವಾಗಿ ಚಲಿಸಲಿ, ಕಾಯುತ್ತೇನೆ. ಬಾಯಿ ತೆರೆದರು. ಕಾ…

ಕಾಫಿಯೇ? ಇರಿ ರೀ, ಇಲ್ಲೇ ಇದ್ದೇ—