ಮೂರು ಜನ ಕಡಿಮೆ

ಸೋಮವಾರ, ಮಧ್ಯಾಹ್ನ

ಮಗಳಿಗೆ, ಹನ್ನೆರಡು ವರ್ಷದಿಂದ ಕೂಡಿಟ್ಟ ಆಶೀರ್ವಾದಗಳು.

ಅಕ್ಷರ ನೋಡಿಯೇ ಯಾರೆಂದು ತಿಳಿದಿರುತ್ತದೆ. ಹರಿದು ಹಾಕುವ ಮುಂಚೆ ಒಂದು ಸಲ ಓದು. ಅಪ್ಪನಿಗೆ ಈಗ ಜಗಳವಾಡುವ ತ್ರಾಣವಿಲ್ಲ.

ನಮ್ಮ ಹಳೆಯ ಪುಟ್ಟ ಜಿಲ್ಲೆ ರದ್ದಾಗಿ ಹತ್ತು ವರ್ಷ ತುಂಬಿತಲ್ಲ, ಅದರ ಇತಿಹಾಸ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಜನಗಣತಿ ನೋಡ್ಕೊಂಡೋರಲ್ಲಿ ನೀವೊಬ್ರೇ ಉಳಿದಿರೋದು, ಬರೆದುಕೊಡಿ ಸಾರ್ ಅಂತ ಹೊಸ ಕಚೇರಿಯ ಮೇಡಂ ಬೆನ್ನುಹತ್ತಿದರು. ಒಪ್ಕೊಳ್ಳಿ, ನನ್ನ ತಲೆ ತಿನ್ನೋದಾದ್ರೂ ತಪ್ಪುತ್ತೆ ಅಂತ ನಿನ್ನ ಅಮ್ಮ ಅಂದಳು.

ಅರವತ್ತೆರಡು ವರ್ಷದ ಜಿಲ್ಲೆ ಹದಿನಾರು ಪುಟದಲ್ಲಿ ಮುಗಿಯಿತು. ಜಿಲ್ಲಾ ಮಂಡಳಿಯ ಮೊದಲ ಅಧ್ಯಕ್ಷರು ಕುರ್ಚಿಯಿಲ್ಲದೆ ಕಿಟಕಿಕಟ್ಟೆಯ ಮೇಲೆ ಕೂತು ಸಹಿ ಹಾಕಿದ್ದು, ನೀರಿನ ತೊಟ್ಟಿಗಾಗಿ ಎರಡು ಊರಿನವರು ಏಳು ವರ್ಷ ಮಾತು ಬಿಟ್ಟಿದ್ದು, ಎಲ್ಲ ಬರೆದೆ. ಉಳಿದಿದ್ದು ಒಂದೇ ಪ್ಯಾರಾ: ಜಿಲ್ಲೆ ಏಕೆ ರದ್ದಾಯಿತು? ಶುಕ್ರವಾರ ಒಪ್ಪಿಸಬೇಕು. ಆ ಹಾಳೆಯ ಮುಂದೆ ಕೂತು ಕೂತು ಸಾಕಾಗಿತ್ತು.

ಎಲ್ಲರಿಗೂ ಗೊತ್ತಿರುವ ಕಾರಣ ಸರಳ. ನಲವತ್ತು ಸಾವಿರ ಜನರಿಲ್ಲದ ಜಿಲ್ಲೆಯನ್ನು ಪಕ್ಕದ ಜಿಲ್ಲೆಗೆ ಸೇರಿಸಬೇಕೆಂದು ಆದೇಶ ಬಂತು. ನಮ್ಮ ರಿಜಿಸ್ಟರಿನಲ್ಲಿ ಮೂರು ಜನ ಕಡಿಮೆ ಬಿದ್ದರು. ಕಚೇರಿಗೆ ಬೀಗ ಬಿತ್ತು, ಜೊತೆಗಿದ್ದವರು ದಿಕ್ಕಿಗೊಬ್ಬರಾದರು. ಆ ಮೂವರು ಪುಣ್ಯಾತ್ಮರು ಎಲ್ಲಿ ಹಾಳಾಗಿ ಹೋಗಿದ್ರೋ ಅಂತ ನಮ್ಮ ಟೈಪಿಸ್ಟ್ ಈಗಲೂ ಸಿಕ್ಕಾಗಲೆಲ್ಲ ಶಪಿಸುತ್ತಾರೆ. ನಾನು ಹೂಂಗುಟ್ಟಿ ಮುಂದೆ ಹೋಗುತ್ತೇನೆ.

ಆ ಮೂವರು ಎಲ್ಲಿಯೂ ಹೋಗಿರಲಿಲ್ಲ, ಮಗಳೇ. ಗಿರಣಿಯ ಹಿಂದಿನ ಬೀದಿಯಲ್ಲಿ, ಜಿಲ್ಲೆಯ ಗಡಿಯೊಳಗೇ, ಸಂಸಾರ ಮಾಡಿಕೊಂಡಿದ್ದರು. ನನ್ನ ಮಾತು ಮೀರಿ ಮದುವೆಯಾದೆ ಎಂಬ ಸಿಟ್ಟಿಗೆ ನಿನ್ನ, ಅಳಿಯಂದಿರ, ಎಂಟು ತಿಂಗಳ ಮಗುವಿನ ಹೆಸರಿನ ಮುಂದೆ ‘ಊರು ಬಿಟ್ಟಿದ್ದಾರೆ’ ಎಂದು ಬರೆದವನು ನಾನು. ಮೊತ್ತ ಬಂದ ಮೇಲೆ ತಿದ್ದಲು ಒಂದು ದಿನ ಸಮಯವಿತ್ತು. ತಿದ್ದಿದರೆ ನಿನಗೆ ಸೋತಂತೆ ಅನ್ನಿಸಿ ಸುಮ್ಮನಿದ್ದೆ. ಅದಕ್ಕೆ ಈಗ ನಾಚಿಕೆಯಾಗುತ್ತದೆ.

ಇವತ್ತು ಬೆಳಿಗ್ಗೆ ಆ ಪ್ಯಾರಾ ಬರೆದೆ, ನನ್ನ ಹೆಸರು ಹಾಕಿಯೇ. ನಿಮ್ಮ ಹೆಸರುಗಳು ಬೇಡವೆಂದರೆ ತಿಳಿಸು. ‘ಗುಮಾಸ್ತನ ಮನೆಯವರು’ ಎಂದಷ್ಟೇ ಬರೆಯುತ್ತೇನೆ, ನಿನ್ನ ಒಪ್ಪಿಗೆಯಿದ್ದರೆ.

ಇಂತಿ, ಸೋತ
ನಿನ್ನ ಅಪ್ಪ

ಮರೆತಿದ್ದೆ: ಈ ಪತ್ರಕ್ಕೆ ನಿನ್ನ ವಿಳಾಸ ಎಲ್ಲಿ ಹುಡುಕಲಿ ಎಂದು ಕೇಳಿದರೆ ನಿನ್ನ ಅಮ್ಮ ತಲೆಯೆತ್ತದೆ ಮನೆ ನಂಬರ್ ಸಮೇತ ಹೇಳಿದಳು. ಗುರುವಾರ ಗುರುವಾರ ಅವಳು ಹೊಲಿಗೆ ಕ್ಲಾಸಿಗೆಂದು ಹೊರಡುತ್ತಿದ್ದದ್ದು ನಿಮ್ಮಲ್ಲಿಗಂತೆ. ಇಷ್ಟು ವರ್ಷದಲ್ಲಿ ಅವಳು ನನ್ನ ಅಂಗಿಗೆ ಒಂದು ಗುಂಡಿ ಹಾಕಿದವಳಲ್ಲ, ಆದರೂ ನನಗೆ ಸಂಶಯವೇ ಬರಲಿಲ್ಲ. ಈ ಗುರುವಾರ ನಾನೂ ಹೊಲಿಗೆ ಕಲಿಯಲು ಬರಲೇ?