ಪುಟ್ಟಕ್ಕ ಎದ್ದು ಹೊರಗೆ ಹೋದ ದಿನ

ಪಿಂಚಣಿ ಕಚೇರಿಯ ಶಾಖಾಧಿಕಾರಿಗಳೇ,

ಒಂದೇ ಪ್ರಶ್ನೆ ಕೇಳಿ ಒಬ್ಬ ಹೆಂಗಸಿನ ಅನ್ನ ಕಿತ್ತುಕೊಂಡಿರಿ. ನಿಮಗೆ ನೆನಪಿರಲಾರದು; ನೆನಪಿಸುವುದಕ್ಕೇ ಈ ಪತ್ರ.

ಕೊಡಿಗೇನಹಳ್ಳಿಯ ಅಡವಯ್ಯ ಎಣ್ಣೆ ಮಿಲ್ಲಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತರಾದಾಗ ಹೆಂಡತಿ ಪುಟ್ಟಕ್ಕನೊಂದಿಗೆ ಮಧುಗಿರಿಗೆ, ನಿಮ್ಮ ಮೇಜಿನ ಮುಂದೆ ಬಂದರು. ‘ಆನ್ಯುಯಿಟಿ ಏಕಜೀವವೋ, ಜಂಟಿಜೀವವೋ?’ ಎಂದಿರಿ. ಕೂಡಿಟ್ಟ ಹಣವನ್ನು ಇಸಿದುಕೊಂಡು ತಿಂಗಳು ತಿಂಗಳು ಕೊಡುವ ಪಿಂಚಣಿಗೆ ನೀವಿಟ್ಟ ಹೆಸರದು. ಇಬ್ಬರೂ ಮುಖ ಮುಖ ನೋಡಿಕೊಂಡರು. ಆಗ ನೀವು ದೊಡ್ಡ ಮನಸ್ಸು ಮಾಡಿ ಅರ್ಥ ಬಿಡಿಸಿದಿರಿ: ‘ಇವ್ರು ಸತ್ಮೇಲೆ ನಿಂಗೆ ದುಡ್ಡು ಬೇಕೇನಮ್ಮ?’

‘ಬುಡ್ತು ಅನ್ನಿ ಸಾಮಿ! ಎದುರ್ಗೇ ಕುಂತವ್ರೆ, ಇಂಥ ಮಾತಾಡ್ತೀರಲ್ಲ!’ ಪುಟ್ಟಕ್ಕ ಕಿವಿ ಮುಚ್ಚಿಕೊಂಡು ಎದ್ದು ಹೊರಗೆ ಹೋದರು. ನೀವು ಅರ್ಜಿಯಲ್ಲಿ ಏಕಜೀವ, ಅಂದರೆ ಗಂಡನಿರುವ ತನಕ ಮಾತ್ರ, ಎಂಬಲ್ಲಿ ಗುರುತು ಹಾಕಿಸಿದಿರಿ.

ಗಂಡನ ಪಕ್ಕದಲ್ಲೇ ಕುಳಿತು ಅವನ ಸಾವಿನ ಮೇಲೆ ಪಾಲು ಕೇಳುವ ಹೆಂಡತಿಯನ್ನು ಸಿರಾದಲ್ಲೋ ಪಾವಗಡದಲ್ಲೋ ನೀವು ಕಂಡಿದ್ದೀರಾ? ದೀಪ ಆರಿಸು ಎನ್ನಲೂ ಅಂಜಿ ‘ದೊಡ್ಡದು ಮಾಡು’ ಎನ್ನುವ ಮನೆಗಳಿವು. ಪುಟ್ಟಕ್ಕನ ‘ಬುಡ್ತು ಅನ್ನಿ’ ನನಗೆ ಕವಿತೆಯಂತೆ ಕೇಳುತ್ತದೆ, ನಿಮಗೆ ಅಸಮ್ಮತಿಯಂತೆ. ‘ಜಂಟಿಯಾದರೆ ತಿಂಗಳಿಗೆ ಸ್ವಲ್ಪ ಕಡಿಮೆ ಬರುತ್ತದೆ, ಆದರೆ ಇಬ್ಬರಲ್ಲಿ ಯಾರಿದ್ದರೂ ಬರುತ್ತಲೇ ಇರುತ್ತದೆ’ ಎನ್ನಲು ಎಷ್ಟು ಉಸಿರು ಖರ್ಚಾಗುತ್ತಿತ್ತು? ಸಾವಿನ ಸುದ್ದಿಯೇ ಇಲ್ಲದ ಈ ವಾಕ್ಯ ನಿಮ್ಮ ತರಬೇತಿಯಲ್ಲಿ ಇರಲಿಲ್ಲವೇ, ಅಥವಾ ಊಟದ ಹೊತ್ತಾಗಿತ್ತೇ?

ಯುಗಾದಿಗೆ ಮುಂಚೆ ಅಡವಯ್ಯ ತೀರಿಕೊಂಡರು. ಪಿಂಚಣಿಯೂ ಅವರೊಂದಿಗೇ ಹೋಯಿತು. ನಡೆದದ್ದನ್ನು ಪುಟ್ಟಕ್ಕನ ಬಾಯಿಂದಲೇ ಕೇಳಿ, ಈ ಸಲ ಅವರ ಜೊತೆ ನಾನೂ ಬಂದೆ. ‘ಆವತ್ತು ಬೇಡ ಅಂತ ಎದ್ದೋದೋಳು ನೀನೇ ಅಲ್ವೇನಮ್ಮ?’ ಎಂದು ನಕ್ಕಿರಿ. ನಿಮ್ಮ ಹಲ್ಲು ಚೆನ್ನಾಗಿವೆ. ಮೆಟ್ಟಿಲಿಳಿಯುತ್ತ ಪುಟ್ಟಕ್ಕ ನನ್ನನ್ನು ಕೇಳಿದರು: ‘ಊಂ ಅಂದಿದ್ರೆ, ಅವತ್ತು ಅವ್ರಿಗೆ ಹೆಂಗೆ ಉಣ್ಣಾಕಿಕ್ತಿದ್ದೆ ಹೇಳಮ್ಮ?’

ಈಗ ಅವರು ಅದೇ ಮಿಲ್ಲಿನಲ್ಲಿ ಕಡಲೆಕಾಯಿ ಆರಿಸುತ್ತಿದ್ದಾರೆ.

ಆ ಆಯ್ಕೆಯನ್ನು ತೆರೆದು ಜಂಟಿಯೆಂದು ತಿದ್ದಿಸಿ. ನಿಯಮ ಬಿಡುವುದಿಲ್ಲ ಎನ್ನುತ್ತೀರೋ? ಹಾಗಾದರೆ ನಿಮ್ಮ ನಿವೃತ್ತಿಯ ದಿನ ಪತ್ನಿಯನ್ನು ಕರೆತನ್ನಿ. ಹಾರ ಇನ್ನೂ ನಿಮ್ಮ ಕೊರಳಲ್ಲಿರುವಾಗಲೇ ನಾನು ಆಕೆಯನ್ನು ಕೇಳುತ್ತೇನೆ, ನಿಮ್ಮದೇ ಮಾತಿನಲ್ಲಿ. ಆಕೆ ಎದ್ದು ಹೊರಗೆ ಹೋದರೆ ಗುರುತು ಎಲ್ಲಿ ಹಾಕಬೇಕೆಂದು ನಿಮ್ಮಿಂದಲೇ ಕಲಿತಿದ್ದೇನೆ.

ಇಂತಿ,
ನಿಮ್ಮ ನಿವೃತ್ತಿಯ ದಾರಿ ಕಾಯುತ್ತಿರುವ,
ಕನ್ನಡದಲ್ಲಿ ಎಂ.ಎ. ಮಾಡಿಯೂ ಪುಟ್ಟಕ್ಕನ ಪ್ರಶ್ನೆಗೆ ಉತ್ತರ ಹೇಳಲಾಗದ
ಮಂಗಳಾ, ಮಧುಗಿರಿ